ಹಗರೆ ಬಾನುಲಿಯ ಜೀರುಂಡೆ

"ಮೇಡಂ, ಆ ಕಂಪ್ಯೂಟರ್ ಹಾಳು ಮಾಡಿದ್ದು ನಾನಲ್ಲ!"

ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಮೊದಲೇ ಹುಡುಗಿ ಹೇಳಿದ ಮಾತು ಅದು. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಹನುಮಂತಯ್ಯನವರು ಲೋಟ ಹಿಡಿದುಕೊಂಡೇ ಎದ್ದು ನಿಂತರು. ರೈಲ್ವೆಯ ಸಿಗ್ನಲ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರ ಎದೆ ಡವಗುಟ್ಟುವುದು ಈ ಮನೆಗೆ ಯಾರಾದರೂ ಹೀಗೆ ಏದುಸಿರು ಬಿಡುತ್ತ ಬಂದಾಗ ಮಾತ್ರ.

ಮನೆ ಯಶೋಧರಾ ಅವರದು. ಅರಸೀಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕಲ್ಯಾಣಮಂಟಪದಲ್ಲಿ ಮಾಯವಾದ ಸರವನ್ನೂ, ಕೊಬ್ಬರಿ ಗೋದಾಮಿಗೆ ಬೆಂಕಿ ಬಿದ್ದದ್ದು ಹೇಗೆಂಬುದನ್ನೂ ಪತ್ತೆ ಮಾಡಿದ ಮೇಲೆ ಊರಿನವರು ಪೊಲೀಸ್ ಠಾಣೆಗೆ ಹೋಗುವ ಮುಂಚೆ ಒಮ್ಮೆ ಅವರ ಗೇಟು ತಟ್ಟುವುದು ರೂಢಿಯಾಗಿತ್ತು. ಪಕ್ಕದ ಮನೆಯ ಹನುಮಂತಯ್ಯನವರು ಅವರ ಸಾರಥಿ, ಸಾಕ್ಷಿ, ಮತ್ತು ತಪ್ಪು ಊಹೆಗಳ ಅಕ್ಷಯಪಾತ್ರೆ.

"ಕೂತ್ಕೋ ಭಾನುಪ್ರಿಯಾ," ಎಂದರು ಯಶೋಧರಾ. ಹಾರನಹಳ್ಳಿಯ ಈ ಹುಡುಗಿ ಅವರ ಹಳೆಯ ವಿದ್ಯಾರ್ಥಿನಿ. "ಮೊದಲಿಂದ ಹೇಳು."

ಹಗರೆಯಲ್ಲಿ, ಹಾಲಿನ ಡೈರಿಯ ಮಹಡಿಯ ಮೇಲೆ, ರೈತರೇ ಸೇರಿ ನಡೆಸುತ್ತಿದ್ದ ಪುಟ್ಟ ರೇಡಿಯೋ ಕೇಂದ್ರವೊಂದಿತ್ತು. ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಭಾನುಪ್ರಿಯಾಳದು. ಬೆಳಗಿನ ಜಾವ ಲಲಿತಮ್ಮನವರ ಹಾಡು, ಮಾತು. ಡೈರಿಗೆ ಹಾಲು ಹಾಕಲು ಬಂದವರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಕೇಳುವ ಕಾರ್ಯಕ್ರಮವದು.

"ಮೈಕಿನ ಪಕ್ಕದಲ್ಲೇ ಕಂಪ್ಯೂಟರ್ ಇದೆ ಮೇಡಂ. ಒಳಗಿನ ಫ್ಯಾನು ಯಾವಾಗಲೂ ಫುಲ್ ಜೋರಲ್ಲಿ ಓಡ್ತಿತ್ತು. ಲಲಿತಮ್ಮ ಹಾಡಿದ್ರೆ ಹಿಂದೆ ಗೊಯ್ ಅಂತ ಕೇಳ್ಸೋದು. ನಿಮ್ಮ ರೇಡಿಯೋದಲ್ಲಿ ಹೆಜ್ಜೇನು ಕಟ್ಟೈತೆ ಕಣವ್ವ ಅಂತ ಜನ ಫೋನ್ ಮಾಡೋರು. ದೀಪಾವಳಿ ಹೊತ್ತಿಗೆ ನಾನು ಸೆಟ್ಟಿಂಗ್ ಬದಲಾಯಿಸ್ದೆ."

"ಹೇಗೆ ಬದಲಾಯಿಸಿದೆ?"

"ತಣ್ಣಗಿರುವಾಗ ಫ್ಯಾನು ನಿಧಾನ, ಬಿಸಿ ಏರಿದ ಹಾಗೆ ಜೋರು. ಧೂಳೆಲ್ಲ ಬ್ರಷ್ಷಲ್ಲಿ ತೆಗೆಸ್ದೆ. ಪೆಟ್ಟಿಗೆ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಕೊಟ್ಟೆ, ಟೇಬಲ್ ಗುಯ್‌ಗುಡೋದೂ ನಿಂತ್ಹೋಯ್ತು."

"ಭೇಷ್! ಆಮೇಲೆ?"

"ಆಮೇಲೆ ಎಲ್ಲ ಚೆನ್ನಾಗೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ಶುರುವಾಯ್ತು ನೋಡಿ. ಬೆಳಿಗ್ಗೆ ಆನ್ ಮಾಡಿ ಸ್ವಲ್ಪ ಹೊತ್ತಿಗೆ ತಾನಾಗೇ ಆಫ್. ಮತ್ತೆ ಹಾಕಿದ್ರೆ ಮತ್ತೆ ಆಫ್. ಲಲಿತಮ್ಮನ ಹಾಡು ಅರ್ಧಕ್ಕೇ ಕಟ್. ಬೇಲೂರಿನಿಂದ ರಿಪೇರಿ ಸತೀಶಣ್ಣ ಬರೋ ಹೊತ್ತಿಗೆ ಬಿಸಿಲೇರಿರುತ್ತೆ, ಆಗ ಎಲ್ಲ ಸರಿ! ಮ್ಯಾನೇಜರ್ ಶಶಿಧರ್ ಸರ್ ಹೇಳ್ತಾರೆ, ನಾನು ಸ್ಪೀಡ್ ಕಮ್ಮಿ ಮಾಡಿದ್ದಕ್ಕೇ ಮಿಷಿನ್ ಸತ್ತಿದ್ದು ಅಂತ. ನಾಳೆ ಬೆಳಿಗ್ಗೆ ಮೀಟಿಂಗು. ಕೆಲಸದಿಂದ ತೆಗೀತಾರೆ. ಹೋಗ್ಲಿ ಮೇಡಂ, ಆದರೆ ಮಿಷಿನ್ ಕೆಡಿಸಿದವಳು ಅಂತ ಹೆಸರು ಬಂದ್ರೆ ಇನ್ಯಾರು ನನ್ನ ಕೈಗೆ ಒಂದು ಮಿಷಿನ್ ಕೊಡ್ತಾರೆ?"

ಹನುಮಂತಯ್ಯನವರು ಗುಡುಗಿದರು: "ವೈರಸ್ಸು! ಗ್ಯಾರಂಟಿ ವೈರಸ್ಸು!"

ಯಶೋಧರಾ ಅದನ್ನು ಕೇಳಿಸಿಕೊಳ್ಳಲಿಲ್ಲ. "ಪ್ರತಿ ದಿನ ಬೆಳಿಗ್ಗೆಯೂ ಹೀಗೇನಾ? ಒಂದು ದಿನವೂ ಸರಿ ಇರಲಿಲ್ವಾ?"

ಭಾನುಪ್ರಿಯಾ ಯೋಚಿಸಿದಳು. "ಒಂದಿನ ಇತ್ತು. ರಾತ್ರಿಯೆಲ್ಲ ಮೋಡ ಕವಿದು ಸೆಕೆ ಸೆಕೆ ಆಗಿತ್ತಲ್ಲ, ಮಾರನೇ ಬೆಳಿಗ್ಗೆ. ಆವತ್ತು ಮಾತ್ರ ಏನೂ ಆಗ್ಲಿಲ್ಲ."

ಯಶೋಧರಾ ಅವರ ಕಣ್ಣು ಮಿನುಗಿತು. ಎದ್ದು ಶಾಲು ಹೊದ್ದುಕೊಂಡರು. "ಹನುಮಂತಯ್ಯನೋರೇ, ವ್ಯಾನು ತೆಗೀರಿ."

ಅದಕ್ಕಾಗಿಯೇ ಕಾದಿದ್ದ ಹನುಮಂತಯ್ಯನವರ ಕೈಯಲ್ಲಿ ಕೀಲಿ ಆಗಲೇ ಕುಣಿಯುತ್ತಿತ್ತು.

* * *

ಜಾವಗಲ್ಲು ದಾಟಿ, ಹಳೇಬೀಡಿನಲ್ಲಿ ಪ್ರವಾಸಿಗರ ಬಸ್ಸುಗಳ ನಡುವೆ ಹಾರನ್ ಹೊಡೆದು ದಾರಿ ಮಾಡಿಕೊಂಡು ಹಗರೆ ಸೇರುವಷ್ಟರಲ್ಲಿ ಹೊತ್ತು ಮುಳುಗಿ ಚಳಿ ಇಳಿಯತೊಡಗಿತ್ತು. ದಾರಿಯುದ್ದಕ್ಕೂ ಹನುಮಂತಯ್ಯನವರು ತಮ್ಮ ಊಹೆಗಳನ್ನು ಒಂದೊಂದಾಗಿ ಬಿಡುತ್ತಲೇ ಇದ್ದರು. ಡೈರಿಯ ಶೀತಲ ಯಂತ್ರ ಕರೆಂಟು ಎಳೆಯುತ್ತಿರಬಹುದು, ಇಲಿ ತಂತಿ ಕಡಿದಿರಬಹುದು, ಬೇರೆ ರೇಡಿಯೋದವರ ಕುತಂತ್ರವೂ ಇದ್ದೀತು. ಯಶೋಧರಾ ಎಲ್ಲದಕ್ಕೂ "ಇರಬಹುದು" ಎಂದರು. ಹಾಗೆಂದರೆ ಅಲ್ಲ ಎಂದೇ ಅರ್ಥವೆಂದು ಹನುಮಂತಯ್ಯನವರಿಗೆ ಇಷ್ಟು ವರ್ಷದಲ್ಲಿ ಗೊತ್ತಾಗಿತ್ತು.

ಕೇಂದ್ರದ ಧ್ವನಿಮುದ್ರಣದ ಕೋಣೆ ಚಿಕ್ಕದು. ಕಿಟಕಿಯಿಲ್ಲ. ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆದಿದ್ದರು. ಕಡಪ ಕಲ್ಲಿನ ಹಲಗೆ ಹೊದಿಸಿದ ಮೇಜಿನ ಮೇಲೆ ಮೈಕು, ಪಕ್ಕದಲ್ಲಿ ನಾಲ್ಕೂ ಕಡೆ ತಗಡು ಮುಚ್ಚಿದ ಕಪ್ಪು ಕಂಪ್ಯೂಟರ್ ಪೆಟ್ಟಿಗೆ, ಅದರ ಕೆಳಗೆ ಭಾನುಪ್ರಿಯಾ ಹೇಳಿದ ಟ್ಯೂಬಿನ ತುಂಡುಗಳು.

ಮ್ಯಾನೇಜರ್ ಶಶಿಧರ್ ನಲವತ್ತರ ಆಸುಪಾಸಿನವನು, ಇಸ್ತ್ರಿ ಮುರಿಯದ ಅಂಗಿ, ನಯವಾದ ಮಾತು.

"ನೀವು ಬಂದಿದ್ದು ಸಂತೋಷ ಮೇಡಂ. ಆದರೆ ಇದರಲ್ಲಿ ಪತ್ತೆ ಮಾಡೋದೇನೂ ಇಲ್ಲ. ಸದ್ದು ಕಮ್ಮಿ ಮಾಡ್ತೀನಿ ಅಂತ ಹೋಗಿ ಫ್ಯಾನನ್ನೇ ಸಾಯಿಸಿಬಿಟ್ಲು. ಚಳೀಲಿ ಬೆಳಿಗ್ಗೆ ಹೊತ್ತು ರೆಕ್ಕೆ ಒಂಚೂರೂ ಅಲ್ಲಾಡಲ್ಲ. ಬಿಸಿ ಆಚೆ ಹೋಗದೆ ಮಿಷಿನ್ ತಾನಾಗೇ ಆಫ್ ಆಗುತ್ತೆ. ಅಷ್ಟೇ."

"ಪೆಟ್ಟಿಗೆ ಯಾರು ಬಿಚ್ಚಿದ್ದರು?"

"ಯಾರೂ ಇಲ್ಲ. ಸತೀಶ್ ಬಿಟ್ಟು ಯಾರೂ ಮುಟ್ಟಕೂಡದು ಅಂತ ಅಧ್ಯಕ್ಷರ ಆರ್ಡರ್ರು. ಧರ್ಮಪ್ಪನವರು ಒಂದ್ಸಲ ಹೇಳಿದ್ರೆ ಮುಗೀತು."

ಯಶೋಧರಾ ತಲೆಯಾಡಿಸಿ, ಕನ್ನಡಕ ಸರಿಮಾಡಿಕೊಂಡು ಕಲ್ಲಿನ ಹಲಗೆಯ ಮೇಲೆ ಬಾಗಿದರು. ಪೆಟ್ಟಿಗೆಯ ಹಿಂದೆ, ಗೋಡೆಯ ಮೂಲೆಯಲ್ಲಿ, ಹುಣಿಸೆ ಬೀಜದಷ್ಟು ಅಗಲದ ಬಿಳಿಯ ಬೊಟ್ಟೊಂದಿತ್ತು. ಅವರಿನ್ನೂ ಬಾಯಿ ತೆರೆದಿರಲಿಲ್ಲ, ಶಶಿಧರ್ ಹೇಳಿದ: "ಅದು ಮೇಣ. ಕರೆಂಟ್ ಹೋದಾಗ ಇವಳು ಮೇಣದಬತ್ತಿ ಹಚ್ಚಿಟ್ಟಿರ್ತಾಳೆ."

"ನಾನಾ?" ಎಂದಳು ಭಾನುಪ್ರಿಯಾ. "ಇಲ್ಲಿ ಬ್ಯಾಟರಿ ಲೈಟಿದೆ ಸರ್. ಮೇಣದಬತ್ತಿ ಯಾಕೆ ಹಚ್ಚಲಿ?"

ಯಶೋಧರಾ ಬೊಟ್ಟಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ ಶಾಲಿನ ಮಡಿಕೆಯಿಂದ ಕರ್ಚೀಫು ತೆಗೆದು ಬೆರಳು ಒರೆಸಿಕೊಂಡರು. "ಹಳೆಯ ರೆಕಾರ್ಡಿಂಗ್‌ಗಳನ್ನು ಕೇಳಬೇಕಲ್ಲ," ಎಂದರು. "ಮುಖ್ಯವಾಗಿ ಮಧ್ಯಾಹ್ನದವು."

ಹನುಮಂತಯ್ಯನವರಿಗೆ ನಿರಾಸೆಯಾಯಿತು. ಪೆಟ್ಟಿಗೆ ಬಿಚ್ಚಬೇಕಾದ ಹೊತ್ತಿನಲ್ಲಿ ಹಾಡು ಕೇಳುವುದೇ? ಆದರೂ ಕಿವಿಗೆ ಹೆಡ್‌ಫೋನ್ ಏರಿಸಿ ಕೂತರು. ಗೊಬ್ಬರದ ಬಗ್ಗೆ ಒಬ್ಬರು, ಹಸುವಿನ ಕೆಚ್ಚಲು ಬಾವಿನ ಬಗ್ಗೆ ಇನ್ನೊಬ್ಬರು. ಎಲ್ಲರ ಮಾತಿನ ಹಿಂದೆಯೂ ಸಣ್ಣಗೆ ಜೀರ್ ಜೀರ್ ಎಂದು ಏನೋ ಕೂಗುತ್ತಿತ್ತು.

"ಒಳಗೆ ಜೀರುಂಡೆ ಸೇರ್ಕಂಡಿತ್ತೇನಮ್ಮ?" ಎಂದರು.

"ಅದೂ ಫ್ಯಾನೇ," ಎಂದಳು ಭಾನುಪ್ರಿಯಾ. "ಮಧ್ಯಾಹ್ನ ಬಿಸಿಗೆ ಜೋರಾದಾಗ ಮಾತ್ರ ಹಾಗೆ ಕೂಗ್ತಿತ್ತು. ಬೇರಿಂಗ್ ಸವೆದಿದೆ, ಹೊಸಾದು ತರಿಸಿ ಅಂತ ಸರ್‌ಗೆ ಹೇಳಿದ್ದೆ. ಈಚೆಗೆ ಕೇಳಿಸ್ತಿಲ್ಲ."

ಮುಂದಿನದು ಅಧ್ಯಕ್ಷ ಧರ್ಮಪ್ಪನವರ ಸಂದರ್ಶನ. ಪ್ರಶ್ನೆ ಕೇಳುತ್ತಿದ್ದವನು ಶಶಿಧರ್. ತೆಂಗಿನ ತೋಟದ ವಿಚಾರ ರಸವತ್ತಾಗಿ ಸಾಗಿತ್ತು. "ಇದು ನಮ್ಮ ಗಾಣದ್ದೇ ಕಣ್ರೀ ಶಶಿಧರ್, ಮೂಸಿ ನೋಡಿ, ಹೆಂಗೈತೆ ಘಮ!" ಎಂಬ ಧರ್ಮಪ್ಪನವರ ದನಿ. ಹಿಂದೆ ಜೀರ್ ಜೀರ್. ನಡುವೆ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಆರಂಭಿಸಿದ್ದರು. ಹನುಮಂತಯ್ಯನವರು ಕುರ್ಚಿಯಿಂದ ಅರ್ಧ ಎದ್ದರು. ಸಿಗ್ನಲ್ ತಂತಿಯ ಗುನುಗು ಕೇಳಿ ಕೇಳಿ ಹದವಾದ ಕಿವಿ ಅದು.

"ಹೋಯ್ತು! ಮೇಡಂ, ಜೀರುಂಡೆ ಹೋಯ್ತು! ಅದೇ ಮಧ್ಯಾಹ್ನ, ಅದೇ ಮಾತು, ಜೀರುಂಡೆ ಮಾತ್ರ ಇಲ್ಲ!"

ಯಶೋಧರಾ ಮುಂದಿನ ದಿನಗಳ ರೆಕಾರ್ಡಿಂಗನ್ನೂ ಹಾಕಿಸಿ ಕೇಳಿದರು. ಜೀರುಂಡೆ ಮತ್ತೆ ಕೂಗಲಿಲ್ಲ.

"ಈ ಸಂದರ್ಶನ ನಡೆದಾಗ ನೀನೆಲ್ಲಿದ್ದೆ ಭಾನು?"

"ಬೇಲೂರಲ್ಲಿ, ಹೊರಗಿನ ರೆಕಾರ್ಡಿಂಗ್‌ಗೆ ಹೋಗಿದ್ದೆ. ಅವತ್ತು ವಾಪಸ್ ಬರ್ಲಿಲ್ಲ. ಮಾರನೇ ಬೆಳಿಗ್ಗೆ ಬಂದು ಆನ್ ಮಾಡಿದ್ರೆ..." ಅವಳು ತಡೆದಳು. "ಅವತ್ತೇ ಮೇಡಂ ಮೊದಲ ಸಲ ಆಫ್ ಆಗಿದ್ದು!"

"ಕಾಕತಾಳೀಯ," ಎಂದ ಶಶಿಧರ್.

"ಇರಬಹುದು," ಎಂದರು ಯಶೋಧರಾ.

ಹನುಮಂತಯ್ಯನವರ ರೋಮ ನಿಮಿರಿತು.

* * *

ಆ ರಾತ್ರಿ ಲಲಿತಮ್ಮನವರ ಮನೆಯಲ್ಲಿ ಉಳಿದರು. ಬೆಳಿಗ್ಗೆ ಹಿತ್ತಲಿಗೆ ಕಾಲಿಟ್ಟರೆ ಚಳಿ ಹಲ್ಲು ಕಟಕಟಿಸುವಂತಿತ್ತು. ಹಂಡೆಯ ಒಲೆಯ ಪಕ್ಕ ಲಲಿತಮ್ಮ ಒಂದು ಬಾಟಲಿ ಇಟ್ಟು, ಅದನ್ನು ಆಗಾಗ ತಿರುಗಿಸುತ್ತಿದ್ದರು.

"ತಲೇಗೆ ಒಸಿ ಎಣ್ಣೆ ಹಚ್ಕಳಾಣ ಅಂದ್ರೆ ಕಲ್ಲಾಗಿ ಕೂತೈತೆ ನೋಡಿ ಮೇಡಮ್ಮ. ಈ ಚಳಿ ಹೋಗೋಗಂಟ ದಿನಾ ಇದೇ ಗೋಳು," ಎಂದರು ಲಲಿತಮ್ಮ. "ಆ ಮಗೀನ ಕೆಲಸ ಉಳಿಸ್ಕೊಡಿ ನೀವು. ನನ್ನ ಹಾಡಿಂದ ಹೆಜ್ಜೇನು ಓಡಿಸ್ದೋಳು ಅವಳು."

"ಉಳಿಸೋಣ," ಎಂದ ಯಶೋಧರಾ ಆ ಬಾಟಲಿಯನ್ನೇ ನೋಡಿ ನಕ್ಕರು. "ನಿಮ್ಮ ಒಲೆ ಅರ್ಧ ಕೆಲಸ ಮುಗಿಸಿತು."

ಒಲೆಗೂ ಕಂಪ್ಯೂಟರಿಗೂ ಏನು ನಂಟು? ಹನುಮಂತಯ್ಯನವರು ಹಂಡೆಯನ್ನೂ, ಬಾಟಲಿಯನ್ನೂ, ಯಶೋಧರಾ ಅವರ ಮುಖವನ್ನೂ ಸರದಿಯಂತೆ ನೋಡಿದರು. ಏನೂ ಹೊಳೆಯಲಿಲ್ಲ. ಹೊಳೆಯದಿದ್ದಷ್ಟೂ ಅವರ ಉತ್ಸಾಹ ಹೆಚ್ಚುತ್ತಿತ್ತು.

ಪ್ರಸಾರಕ್ಕೆ ಮುನ್ನವೇ ಎಲ್ಲರೂ ಮಹಡಿಯ ಕೋಣೆಯಲ್ಲಿ ಸೇರಿದರು. ಧರ್ಮಪ್ಪನವರು ಮಫ್ಲರ್ ಸುತ್ತಿಕೊಂಡು ದೊಡ್ಡ ಕುರ್ಚಿಯಲ್ಲಿ. ಅವರ ಬಲಕ್ಕೆ ಶಶಿಧರ್. ಬೇಲೂರಿನಿಂದ ಮೊದಲ ಬಸ್ಸಿಗೆ ಬಂದ ಸತೀಶನ ಕೈಯಲ್ಲಿ ಸ್ಕ್ರೂಡ್ರೈವರು. ಬಾಗಿಲ ಹತ್ತಿರ ಲಲಿತಮ್ಮ, ಅವರ ಕೈ ಹಿಡಿದುಕೊಂಡು ಭಾನುಪ್ರಿಯಾ. ಕೆಳಗೆ ಡೈರಿಯಲ್ಲಿ ಕ್ಯಾನುಗಳ ಸದ್ದು, ಯಾರದೋ ಕುಚೋದ್ಯ: "ಏನ್ಲಾ, ಇವತ್ತಾದ್ರೂ ಲಲಿತಕ್ಕನ ಹಾಡು ಪೂರ್ತಿ ಬತ್ತದೇನ್ಲಾ?"

"ಸತೀಶ್, ಪೆಟ್ಟಿಗೆ ಬಿಚ್ಚಿ," ಎಂದರು ಯಶೋಧರಾ. "ಆನ್ ಮಾಡಬೇಡಿ. ಪೆನ್ಸಿಲ್ ತುದಿಯಿಂದ ಫ್ಯಾನಿನ ರೆಕ್ಕೆ ತಳ್ಳಿ."

ಸತೀಶ ತಳ್ಳಿದ. ರೆಕ್ಕೆ ಒಂದಿಷ್ಟು ಜರುಗಿ ಅಲ್ಲೇ ನಿಂತಿತು. "ಅರೆ! ಬಿಗೀತಾ ಐತೆ. ನಾನು ಬಂದಾಗೆಲ್ಲ ಗಿರಗಿರ ಅಂತಿತ್ತಲ್ಲ!"

"ಈಗ ನಡುವಿನ ಗುಬುಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಳ್ಳಿ. ನಿಮ್ಮ ಮೈಬಿಸಿ ಅದಕ್ಕೆ ತಾಗಲಿ."

ಹನುಮಂತಯ್ಯನವರು ಕತ್ತು ಚಾಚಿ ನಿಂತರು. ಸತೀಶ ಒಂದು ಹೆಬ್ಬೆರಳು ತಣ್ಣಗಾದಾಗ ಇನ್ನೊಂದನ್ನು ಒತ್ತಿದ. ಸುಮಾರು ಹೊತ್ತು ಕಳೆದ ಮೇಲೆ ಯಶೋಧರಾ ಸನ್ನೆ ಮಾಡಿದರು. ಪೆನ್ಸಿಲ್ ತಾಗಿದ್ದೇ ತಡ, ರೆಕ್ಕೆಗಳು ಸರಾಗವಾಗಿ ಸುತ್ತಿದವು.

"ತಿರುಗ್ತು!" ಎಂದು ಕೂಗಿದವರು ಹನುಮಂತಯ್ಯ. "ಏನ್ ಮಂತ್ರ ಮೇಡಂ ಇದು?"

"ಮಂತ್ರವಲ್ಲ, ಕೊಬ್ಬರಿ ಎಣ್ಣೆ," ಎಂದರು ಯಶೋಧರಾ. "ಸತೀಶ್, ಗುಬುಟಿನ ಮೇಲಿನ ಕಾಗದ ಎತ್ತಿ ನೋಡಿ."

ಅಂಟಿಸಿದ್ದ ವೃತ್ತಾಕಾರದ ಕಾಗದ ಮುಟ್ಟುತ್ತಲೇ ಬಿಟ್ಟುಕೊಂಡಿತು. ಒಮ್ಮೆ ಕಿತ್ತು ಮತ್ತೆ ಅಂಟಿಸಿದ್ದರು. ಸತೀಶ ಮೂಸಿ, "ಹೌದು, ಎಣ್ಣೇನೇ," ಎಂದ.

"ನಮ್ಮ ಕಡೆ ಬಾಗಿಲು ಕಿರ್ ಅಂದರೂ, ಹೊಲಿಗೆ ಯಂತ್ರ ಕೂಗಿದರೂ ಮೊದಲು ಕೈ ಹೋಗುವುದು ಈ ಎಣ್ಣೆಗೇ. ಬಾಗಿಲಿಗೆ ಅದರಿಂದ ತೊಂದರೆಯಿಲ್ಲ. ಆದರೆ ಇಪ್ಪತ್ತನಾಲ್ಕು ಡಿಗ್ರಿಗಿಂತ ತಣ್ಣಗಾದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಪುಷ್ಯದ ಚಳಿಯಲ್ಲಿ ಲಲಿತಮ್ಮನವರ ಬಾಟಲಿಯಲ್ಲಿ ಆಗುವುದೇ ಈ ಬೇರಿಂಗಿನ ಒಳಗೂ ಆಯಿತು. ಬಿಸಿಲೇರಿ ಕೋಣೆ ಬೆಚ್ಚಗಾದ ಮೇಲೆ, ಯಂತ್ರದ ಬಿಸಿಯೂ ಸೇರಿ ಎಣ್ಣೆ ಕರಗುತ್ತದೆ, ಫ್ಯಾನು ಓಡುತ್ತದೆ. ಸತೀಶ್ ಬರುವುದು ಆಗ. ಮೋಡ ಕವಿದ ಬೆಚ್ಚನೆಯ ರಾತ್ರಿ ಎಣ್ಣೆ ಗಟ್ಟಿಯಾಗಲಿಲ್ಲ, ಮರುದಿನ ತೊಂದರೆಯೂ ಆಗಲಿಲ್ಲ. ಭಾನು ಆ ಒಂದು ದಿನದ ಮಾತು ಹೇಳಿದಾಗಲೇ ಇದು ಚಳಿಯ ಕೆಲಸ ಎಂದು ನನಗೆ ಅನ್ನಿಸಿತ್ತು."

"ಆದರೂ ಸ್ಪೀಡ್ ಕಮ್ಮಿ ಮಾಡಿದ್ದು ತಪ್ಪೇ ತಾನೇ?" ಶಶಿಧರ್‌ನ ದನಿ ತುಸು ಮೇಲೇರಿತು.

"ಅವಳು ಕಮ್ಮಿ ಮಾಡಿದ್ದು ದೀಪಾವಳಿಯಲ್ಲಿ. ಕಾರ್ತಿಕ, ಮಾರ್ಗಶಿರದ ಚಳಿ ಪೂರ್ತಿ ಫ್ಯಾನು ತಿರುಗಿತು. ಬಿಸಿ ಏರಿದರೆ ತಾನಾಗಿ ಜೋರಾಗುವ ಹಾಗೆ ಇಟ್ಟಿದ್ದಾಳೆ. ಇದಕ್ಕಿಂತ ಎಚ್ಚರದಿಂದ ನಾನೂ ಮಾಡುತ್ತಿರಲಿಲ್ಲ. ತಣ್ಣಗಿರುವ ಯಂತ್ರದಲ್ಲಿ ಫ್ಯಾನು ಜೋರಾಗಿ ಓಡುವುದರಿಂದ ಸದ್ದು ಬಿಟ್ಟರೆ ಬೇರೇನೂ ಹುಟ್ಟುವುದಿಲ್ಲ. ಆದರೆ ನಿಧಾನದ ಓಟಕ್ಕೆ ಸಿಗುವ ಬಲ ಕಡಿಮೆ. ಗಟ್ಟಿಯಾದ ಎಣ್ಣೆಯನ್ನು ಒಡೆದು ಹೊರಡಲು ಅದು ಸಾಲದು. ಎಣ್ಣೆ ಕರಗುವ ಮುಂಚೆಯೇ ಯಂತ್ರ ಕಾದು ಆಫ್ ಆಗುತ್ತದೆ. ಎಣ್ಣೆ ಹಾಕಿದವರು ಯಾರು ಎನ್ನುವುದಷ್ಟೇ ಈಗ ಉಳಿದ ಪ್ರಶ್ನೆ. ಅದನ್ನು ಹೇಳಿದ್ದು ಹನುಮಂತಯ್ಯನವರು."

"ನಾನಾ?" ಹನುಮಂತಯ್ಯನವರು ಎದೆ ಮುಟ್ಟಿಕೊಂಡರು.

"ಜೀರುಂಡೆ ಹೋಯ್ತು ಎಂದಿರಲ್ಲ. ಸವೆದ ಬೇರಿಂಗಿನ ಕೂಗು ಅದು. ಎಣ್ಣೆ ಬಿಡಬೇಕಾದರೆ ಏನೋ ಕೂಗಿರಬೇಕು ಎಂದೇ ಫ್ಯಾನು ಜೋರಾಗುವ ಮಧ್ಯಾಹ್ನದ ರೆಕಾರ್ಡಿಂಗ್ ಕೇಳಿದ್ದು. ಧರ್ಮಪ್ಪನವರ ಸಂದರ್ಶನದ ಮೊದಲ ಭಾಗದಲ್ಲಿ ಕೂಗು ಇದೆ, ಎರಡನೆಯ ಭಾಗದಲ್ಲಿ ಇಲ್ಲ. ಎಣ್ಣೆ ಬಿದ್ದದ್ದು ಆ ನಡುವಿನ ವಿರಾಮದಲ್ಲಿ. ಭಾನು ಬೇಲೂರಿನಲ್ಲಿದ್ದಳು. ಇಲ್ಲಿದ್ದವರು ಇಬ್ಬರೇ. ಮೂಸಿ ನೋಡಿ ಎಂದು ಧರ್ಮಪ್ಪನವರು ಕೊಟ್ಟ ಗಾಣದ ಎಣ್ಣೆಯ ಬಾಟಲಿಯೂ ಇಲ್ಲೇ ಇತ್ತು."

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಧರ್ಮಪ್ಪನವರ ಮುಖ ಕೆಂಪಾಯಿತು. ಆಮೇಲೆ ಅವರು ತೊಡೆ ತಟ್ಟಿಕೊಂಡರು. "ಅಯ್ಯೋ ಶಿವನೇ! ನಾನೇ ಹೇಳಿದ್ದು ಕಣ್ರೀ! ಇದೇನ್ರೀ ಶಶಿಧರ್, ನನ್ನ ಮಾತಿಗಿಂತ ನಿಮ್ಮ ಪೆಟ್ಟಿಗೆ ಮಾತೇ ಜಾಸ್ತಿ ಆಯ್ತು, ಒಂದ್ ತೊಟ್ಟು ಎಣ್ಣೆ ಬಿಡಬಾರ್ದಾ ಅಂತ ತಮಾಷೆಗೆ ಅಂದೆ. ಅಂದು ಎಲೆಅಡಿಕೆ ಹಾಕ್ಕಳಾಕೆ ಆಚೆಗೆ ಹೋದೆ. ಬಿಚ್ಚಿ ಬಿಟ್ಟೇಬಿಡ್ತಾರೆ ಅಂತ ನಂಗೇನ್ ಗೊತ್ತು?"

ಶಶಿಧರ್ ಬಾಗಿಲ ಕಡೆ ನೋಡಿದ.

"ನೀವು ನಿನ್ನೆ ಎರಡು ಮಾತು ಹೇಳಿದಿರಿ ಶಶಿಧರ್," ಎಂದರು ಯಶೋಧರಾ, ದನಿ ಎತ್ತದೆ. "ಬೆಳಿಗ್ಗೆ ರೆಕ್ಕೆ ಒಂಚೂರೂ ಅಲ್ಲಾಡುವುದಿಲ್ಲ ಎಂದಿರಿ. ಪೆಟ್ಟಿಗೆಗೆ ನಾಲ್ಕೂ ಕಡೆ ತಗಡಿದೆ. ಸತೀಶ್ ನೋಡಿದ್ದು ತಿರುಗುವ ಫ್ಯಾನನ್ನು. ಚಳಿಯ ಬೆಳಗಿನಲ್ಲಿ ಬಿಚ್ಚಿ ನೋಡದವರಿಗೆ ಅದು ನಿಂತದ್ದು ತಿಳಿಯುವಂತಿಲ್ಲ. ಆಮೇಲೆ ಆ ಬಿಳಿ ಬೊಟ್ಟು. ನಾನು ಕೇಳುವ ಮುಂಚೆಯೇ ಮೇಣ ಎಂದಿರಿ. ಮೇಣ ಬೆರಳ ಬಿಸಿಗೆ ಕರಗುವುದಿಲ್ಲ. ಅದು ಕರಗಿ ನನ್ನ ಬೆರಳಿಗೆ ಅಂಟಿತು."

ಹನುಮಂತಯ್ಯನವರಿಗೆ ಕರ್ಚೀಫು ನೆನಪಾಯಿತು. ಕಣ್ಣೆದುರೇ ನಡೆದಿತ್ತು, ತಾವು ನೋಡಿಯೂ ಇದ್ದರು!

ಶಶಿಧರ್ ಹಣೆ ಒತ್ತಿಕೊಂಡ. ನಯವಾದ ಮಾತು ಎಲ್ಲಿಗೋ ಹೋಗಿತ್ತು. "ಸದ್ದು ನಿಂತಾಗ ಖುಷಿಯಾಯ್ತು ಮೇಡಂ. ಎರಡನೇ ಸಲ ಆಫ್ ಆದಾಗ ಭಾನು ಕೆಳಗೆ ಸತೀಶ್‌ಗೆ ಫೋನ್ ಮಾಡ್ತಿದ್ಲು. ಬಿಚ್ಚಿ ನೋಡ್ದೆ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಒರೆಸ್ದೆ. ಒಳಗಿಂದು ಹೋಗ್ಲಿಲ್ಲ. ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳಿದವನೇ ನಾನು. ಹೇಗೆ ಒಪ್ಕೊಳ್ಲಿ? ಅಷ್ಟರಲ್ಲಿ ಯಾರೋ, ಸ್ಪೀಡ್ ಕಮ್ಮಿ ಮಾಡಿದ್ದಕ್ಕೆ ಹೀಗಾಯ್ತೇನೋ ಅಂದ್ರು. ನಾನೂ ಹೌದು ಅಂದುಬಿಟ್ಟೆ."

"ಎಣ್ಣೆ ಬಿಟ್ಟಿದ್ದು ತಪ್ಪಲ್ಲ ಕಣಪ್ಪ," ಎಂದರು ಲಲಿತಮ್ಮ. "ಈ ಮಗೀನ ತಲೇಗೆ ಕಟ್ಟಿದ್ದು ತಪ್ಪು."

ಧರ್ಮಪ್ಪನವರು ಎದ್ದು ಭಾನುಪ್ರಿಯಾಳ ಮುಂದೆ ಬಂದರು. "ಮೀಟಿಂಗ್ ಮುಗೀತು ಕಣವ್ವ. ಈ ಪೆಟ್ಟಿಗೆ ಇನ್ಮೇಲೆ ನಿನ್ನ ಸುಪರ್ದಿ. ನಾನು ಹೇಳಿದ್ರೂ ಯಾರೂ ಮುಟ್ಟಂಗಿಲ್ಲ. ಈ ಶಶಿಧರ್‌ಗೆ ಏನ್ ಮಾಡಾಣ, ಅದನ್ನೂ ನೀನೇ ಹೇಳು."

ಭಾನುಪ್ರಿಯಾ ಪೆಟ್ಟಿಗೆಯ ಹತ್ತಿರ ಬಂದಳು. ಸತೀಶ ಆಗಲೇ ಸ್ಪಿರಿಟ್ಟಿನಲ್ಲಿ ಎಣ್ಣೆಯನ್ನೆಲ್ಲ ತೊಳೆದು ಫ್ಯಾನು ಜೋಡಿಸಿದ್ದ. ಅವಳು ಗುಂಡಿ ಒತ್ತಿದಳು. ಪರದೆ ಬೆಳಗಿತು. ಅವಳು ಮೈಕನ್ನು ಶಶಿಧರ್ ಕಡೆಗೆ ಸರಿಸಿದಳು.

"ನನ್ನ ಹೆಸರು ಕೆಟ್ಟಿದ್ದು ಇಡೀ ಊರಿನ ಮುಂದೆ ಸರ್. ಕೆಳಗೆ ಸಾಲಲ್ಲಿ ನಿಂತವರೂ ಕೇಳಲಿ."

* * *

ಹಳೇಬೀಡಿನ ಬಸ್ ನಿಲ್ದಾಣದ ಎದುರು ಹನುಮಂತಯ್ಯನವರು ವ್ಯಾನು ನಿಲ್ಲಿಸಿದರು. ಟೀ ಅಂಗಡಿಯವನು ರೇಡಿಯೋ ಹಚ್ಚಿದ್ದ. ಲಲಿತಮ್ಮನವರ ಹಾಡು ಎಲ್ಲೂ ತುಂಡಾಗದೆ ಹರಿದು ಬರುತ್ತಿತ್ತು. ಅದಕ್ಕೂ ಮೊದಲು ಬಂದಿದ್ದ ಶಶಿಧರ್‌ನ ಮಾತನ್ನು ಅಂಗಡಿಯವನು ಗಿರಾಕಿಗಳಿಗೆ ಬಣ್ಣಿಸುತ್ತಿದ್ದ: "ತಪ್ಪೆಲ್ಲ ನಂದೇ, ಆ ಹುಡುಗೀದಲ್ಲ ಅಂತ ರೇಡಿಯೋದಾಗೇ ಅಂದ ಕಣ್ರೀ! ದನಿ ನಡುಗ್ತಿತ್ತು ಆವಯ್ಯಂದು."

ಹನುಮಂತಯ್ಯನವರು ಟೀ ಹೀರುತ್ತ ಹಾಡು ಕೇಳಿದರು. ಹಾಡು ಮುಗಿದು ಭಾನುಪ್ರಿಯಾ ಮಾತು ಶುರುಮಾಡಿದಳು. ಹನುಮಂತಯ್ಯನವರು ತಟ್ಟನೆ ಕೈಯೆತ್ತಿದರು. ಅವಳ ದನಿಯ ಹಿಂದೆ, ಬಹಳ ಸಣ್ಣಗೆ, ಜೀರ್ ಜೀರ್.

"ಮೇಡಂ! ಜೀರುಂಡೆ ವಾಪಸ್ ಬಂತು!"

"ಎಣ್ಣೆ ಹೋಯಿತಲ್ಲ, ಒಣಗಿದ ಬೇರಿಂಗು ಈಗ ಬೆಳಿಗ್ಗೆಯೂ ಕೂಗುತ್ತದೆ," ಎಂದರು ಯಶೋಧರಾ, ಲೋಟಕ್ಕೆ ಅಂಗೈ ಕಾಯಿಸಿಕೊಳ್ಳುತ್ತ. "ಸತೀಶ್ ಹೊಸ ಫ್ಯಾನು ತರುವವರೆಗೆ ಕೂಗಲಿ ಬಿಡಿ. ಅದು ಕೂಗುತ್ತಿದೆ ಎಂದರೆ ಫ್ಯಾನು ತಿರುಗುತ್ತಿದೆ. ಅಷ್ಟು ದಿನ ಆ ಹುಡುಗಿಯನ್ನು ಯಾರೂ ಏನೂ ಅನ್ನುವಂತಿಲ್ಲ."